ಟಿಕೆಟ್‌ಗೆ ಮೊದಲು ಲಸಿಕೆ: ಆಫ್ರಿಕಾಕ್ಕೆ ಹೊರಟ ಕುಟುಂಬಗಳಿಗೆ ಒಂದಿಷ್ಟು ತಿಳುವಳಿಕೆ

ವಿದೇಶ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಗಲ್ಫ್. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಈ ಮೂರು ಕೈಗೆ ಬಂದರೆ ಸಾಕು, ಮಿಕ್ಕಿದ್ದು ಉಪ್ಪಿನಕಾಯಿ, ಹಪ್ಪಳ, ತೆಂಗಿನೆಣ್ಣೆ ಕಟ್ಟುವ ಕೆಲಸ. ಕೆಲಸದ ವೀಸಾಕ್ಕಾಗಿ ಮೆಡಿಕಲ್ ಮಾಡಿಸುವುದುಂಟು. ಆದರೆ ಅದು ರೋಗ ಇದೆಯೇ ಎಂದು ನೋಡುವ ಪರೀಕ್ಷೆ. ಮುಂದೆ ರೋಗ ಬಾರದಂತೆ ತಡೆಯುವ ಸಿದ್ಧತೆ ಅದರಲ್ಲಿಲ್ಲ. ಪ್ರಯಾಣಕ್ಕೆ ಮುನ್ನ ಲಸಿಕೆ ಎಂಬ ಮಾತು ನಮ್ಮಲ್ಲಿ ಕೇಳಿಬರುವುದು ಹೆಚ್ಚಾಗಿ ಹಜ್ಜ್ ಮತ್ತು ಉಮ್ರಾಕ್ಕೆ ಹೊರಟಾಗ. ಸೌದಿ ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲು ಮೆನಿಂಜೈಟಿಸ್ ಚುಚ್ಚುಮದ್ದು ಆಗಿರಬೇಕೆಂಬುದು ಹಾಜಿಗಳ ಮನೆಯವರಿಗೆಲ್ಲ ಗೊತ್ತು.

ಆದರೆ ಗಲ್ಫ್‌ನ ರೂಢಿ ಎಲ್ಲ ದೇಶಗಳಿಗೂ ಸಲ್ಲುವುದಿಲ್ಲ. ಉಗಾಂಡ, ಕೀನ್ಯಾ, ನೈಜೀರಿಯಾ, ಕಾಂಗೋ ಮುಂತಾದ ದೇಶಗಳಿಗೆ ವ್ಯಾಪಾರಕ್ಕೋ ನೌಕರಿಗೋ ಹೋದವರು ನಮ್ಮಲ್ಲಿದ್ದಾರೆ. ಅಲ್ಲಿ ನೆಲೆ ಸಿಕ್ಕ ಮೇಲೆ ಮಡದಿ ಮಕ್ಕಳನ್ನೂ ಕರೆಸಿಕೊಳ್ಳುತ್ತಾರೆ. ಕಡಿಮೆ ದರದ ಟಿಕೆಟ್ ಸಿಕ್ಕಿತೆಂದು ಮೊದಲು ಟಿಕೆಟ್, ಆಮೇಲೆ ಉಳಿದದ್ದು ಎಂದು ಹೊರಡುತ್ತಾರೆ. ಉಷ್ಣವಲಯದ ಇಂತಹ ದೇಶಗಳಿಗೆ ಹೋಗುವಾಗ ಈ ಕ್ರಮ ತಲೆಕೆಳಗಾಗಬೇಕು. ಪ್ರಯಾಣದ ದಿನವನ್ನು ವಿಮಾನದ ದರ ನೋಡಿ ನಿರ್ಧರಿಸುವ ಮೊದಲು ಮನೆಯ ಅತಿ ಚಿಕ್ಕ ಮಗುವಿನ ವಯಸ್ಸು, ತಾಯಿಯ ಆರೋಗ್ಯಸ್ಥಿತಿ ಮತ್ತು ಹಿರಿಯರ ವಯಸ್ಸನ್ನು ನೋಡಬೇಕು. ಉಗಾಂಡವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಹಳದಿ ಜ್ವರ ಎಂದರೇನು?

ಇದು ಕಾಮಾಲೆ ಅಲ್ಲ. ಯೆಲ್ಲೋ ಫೀವರ್ ಅಥವಾ ಹಳದಿ ಜ್ವರ ಎಂಬುದು ಸೊಳ್ಳೆ ಕಚ್ಚುವುದರಿಂದ ಬರುವ ವೈರಸ್ ರೋಗ. ಜ್ವರ, ಮೈಕೈ ನೋವು, ವಾಂತಿಯಿಂದ ಆರಂಭವಾಗುತ್ತದೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾಗಿ ಮೈ ಹಳದಿಯಾಗುತ್ತದೆ, ರಕ್ತಸ್ರಾವವಾಗುತ್ತದೆ. ಈ ಹಂತ ತಲುಪಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿಯುವುದಿಲ್ಲ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧಿ ಇಲ್ಲ. ಇರುವುದು ಲಸಿಕೆಯೊಂದೇ. ಈ ಲಸಿಕೆಯನ್ನು ರೂಪಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಬಳಕೆಯಲ್ಲಿರುವುದು ಅದೇ ಮೂಲದ ಲಸಿಕೆ.

ಭಾರತದಲ್ಲಿ ಈ ರೋಗ ಇಲ್ಲ. ಆದರೆ ಇದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಮನೆಯ ಹೂಕುಂಡ, ಟಯರ್, ನೀರಿನ ಡ್ರಮ್ಮುಗಳಲ್ಲೇ ಇದೆ. ಡೆಂಗಿ, ಚಿಕುನ್‌ಗುನ್ಯಾ ಹರಡುವುದೂ ಇದೇ ಸೊಳ್ಳೆ. ಸೋಂಕು ತಗುಲಿದ ಒಬ್ಬ ಪ್ರಯಾಣಿಕ ಬಂದಿಳಿದರೂ ರೋಗ ಇಲ್ಲಿ ಹಬ್ಬಬಹುದು. ಇದು ಬರಿಯ ಊಹೆಯಲ್ಲ. 2016ರಲ್ಲಿ ಅಂಗೋಲದಲ್ಲಿ ಹಳದಿ ಜ್ವರ ಹಬ್ಬಿದಾಗ ಅಲ್ಲಿಂದ ಚೀನಾಕ್ಕೆ ಮರಳಿದವರಲ್ಲಿ 11 ಮಂದಿಗೆ ಈ ರೋಗ ಇರುವುದು ಪತ್ತೆಯಾಯಿತು. ಏಷ್ಯಾ ಖಂಡಕ್ಕೆ ಈ ರೋಗ ಬಂದದ್ದು ಅದೇ ಮೊದಲು. ಅದೃಷ್ಟವಶಾತ್ ಅಲ್ಲಿ ಅದು ಹರಡಲಿಲ್ಲ.

ಆದ್ದರಿಂದಲೇ ಭಾರತದ ನಿಯಮ ಕಟ್ಟುನಿಟ್ಟಾಗಿದೆ. ರೋಗವಿರುವ ದೇಶದಿಂದ ಸರಿಯಾದ ಲಸಿಕೆ ಪ್ರಮಾಣಪತ್ರವಿಲ್ಲದೆ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ತಂಗಿಯ ನಿಕಾಹ್‌ಗೆಂದು ಒಂದು ವಾರದ ರಜೆಯಲ್ಲಿ ಬಂದವರು ಈ ನಿಯಮಕ್ಕೆ ಸಿಕ್ಕಿಕೊಂಡರೆ ನಿಕಾಹ್ ಮುಗಿದ ಮೇಲೆಯೇ ಮನೆ ತಲುಪುತ್ತಾರೆ.

ಹತ್ತು ದಿನಗಳ ಲೆಕ್ಕ

ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲಿ ಕೊಡುವುದಿಲ್ಲ. ಕೇಂದ್ರ ಸರಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಲಭ್ಯ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹಾಗಾಗಿ ಅನೇಕ ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ ಕೊಡುತ್ತವೆ. ಕೆಲವೊಮ್ಮೆ ದಾಸ್ತಾನು ಮುಗಿದು ಕಾಯಬೇಕಾಗುತ್ತದೆ.

ಚುಚ್ಚುಮದ್ದು ಒಂದೇ ಸಲ. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ 10 ದಿನಗಳ ನಂತರ. ನಾಳೆ ವಿಮಾನ, ಇಂದು ಲಸಿಕೆ ಎಂದರೆ ನಡೆಯದು. ಮೊದಲೆಲ್ಲ ಇದರ ಅವಧಿ ಹತ್ತು ವರ್ಷವಿತ್ತು. 2016ರ ಜುಲೈ 11ರಿಂದ ಅದು ಜೀವನಪೂರ್ತಿ ಸಿಂಧು. ಹಳೆಯ ಕಾರ್ಡುಗಳಿಗೂ ಇದು ಅನ್ವಯಿಸುತ್ತದೆ. ಹಳದಿ ಪುಸ್ತಕವನ್ನು ಕೈಗೆ ಪಡೆಯುವಾಗ ಅದರಲ್ಲಿನ ಹೆಸರು, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಲ್ಲಿರುವಂತೆಯೇ ಇವೆಯೇ, ಲಸಿಕೆಯ ಬ್ಯಾಚ್ ನಂಬರ್, ವೈದ್ಯರ ಸಹಿ, ಮೊಹರು ಇವೆಯೇ ಎಂದು ಅಲ್ಲೇ ನೋಡಿಕೊಳ್ಳಿ. ನಮ್ಮ ಹೆಣ್ಣುಮಕ್ಕಳ ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆಯುವ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. "ಚುಚ್ಚಿಸಿಕೊಳ್ಳುವುದು ಬೇಡ, ಕಾರ್ಡ್ ಮಾತ್ರ ಮಾಡಿಸಿಕೊಡುತ್ತೇನೆ" ಎನ್ನುವ ದಲ್ಲಾಳಿಗಳಿದ್ದಾರೆ. ಹಣ ಕೊಟ್ಟು ತಂದ ಆ ಕಾಗದ ಅಧಿಕಾರಿಯ ಕಣ್ಣನ್ನು ತಪ್ಪಿಸಬಹುದು. ಸೊಳ್ಳೆಗೆ ಕಾರ್ಡ್ ಓದಲು ಬರುವುದಿಲ್ಲ. ಅದು ಸುಳ್ಳು ಸಾಕ್ಷಿ, ಜೊತೆಗೆ ಊರಿಗೇ ರೋಗ ತರುವ ದಾರಿ. ಮನೆಯ ಹೆಂಗಸರು ಗಟ್ಟಿಯಾಗಿ ಬೇಡವೆಂದರೆ ಇಂತಹದ್ದು ಅರ್ಧ ನಿಂತುಹೋಗುತ್ತದೆ.

ಯಾರಿಗೆ ಈ ಲಸಿಕೆ ಬೇಡ?

ಇದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಆದ್ದರಿಂದ ಎಲ್ಲರಿಗೂ ಕೊಡುವಂತಿಲ್ಲ.

ಆರು ತಿಂಗಳೊಳಗಿನ ಮಗುವಿಗೆ ಖಂಡಿತ ಕೂಡದು. ಆರರಿಂದ ಒಂಬತ್ತು ತಿಂಗಳವರೆಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡಬಹುದು. ಗರ್ಭಿಣಿಯರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಲಸಿಕೆ ಪಡೆದ ನಂತರ ನಾಲ್ಕು ವಾರ ಗರ್ಭ ಧರಿಸದಿರುವುದು ಉತ್ತಮ. ಎಳೆಯ ಮಗುವಿಗೆ ಹಾಲೂಡಿಸುವ ತಾಯಂದಿರೂ ಎಚ್ಚರ ವಹಿಸಬೇಕು. 2009ರಲ್ಲಿ ಬ್ರೆಜಿಲ್ ದೇಶದಲ್ಲಿ ಬಾಣಂತಿಗೆ ಲಸಿಕೆ ಕೊಟ್ಟ ನಂತರ ಎದೆಹಾಲಿನ ಮೂಲಕ ಲಸಿಕೆಯ ವೈರಸ್ ನವಜಾತ ಶಿಶುವಿಗೆ ದಾಟಿ ಮಿದುಳಿಗೆ ಸೋಂಕಾದ ಪ್ರಕರಣ ದಾಖಲಾಗಿದೆ.

ಅರುವತ್ತು ದಾಟಿದವರು ಮೊದಲ ಸಲ ಈ ಲಸಿಕೆ ಪಡೆದರೆ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮಗಳ ಹೆರಿಗೆಗೆಂದು ಆಫ್ರಿಕಾಕ್ಕೆ ಹೊರಡುವ ಉಮ್ಮಂದಿರ ವಿಷಯದಲ್ಲಿ ವೈದ್ಯರೊಂದಿಗೆ ಕುಳಿತು ಮಾತನಾಡಲೇಬೇಕು. ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವ ಲಸಿಕೆಯಾದ್ದರಿಂದ ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮಾತ್ರೆ ಸೇವಿಸುವವರು ಮೊದಲೇ ತಿಳಿಸಬೇಕು. ಸಕ್ಕರೆ ಕಾಯಿಲೆ, ಬಿಪಿ ಹತೋಟಿಯಲ್ಲಿದ್ದರೆ ಅದೇ ಒಂದು ಅಡ್ಡಿಯಲ್ಲ.

ಲಸಿಕೆ ಕೂಡದವರಿಗೆ ವೈದ್ಯರು ವಿನಾಯಿತಿ ಪತ್ರ ಕೊಡುತ್ತಾರೆ. ಆದರೆ ವಿನಾಯಿತಿ ಸಿಗುವುದು ಕಾಗದಕ್ಕೆ, ರೋಗದಿಂದ ಅಲ್ಲ.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಒಂದು ಉದಾಹರಣೆ. ನನ್ನಲ್ಲಿ ಓದಿದ ಹುಡುಗಿಯೊಬ್ಬಳ ಗಂಡ ಕಂಪಾಲಾದಲ್ಲಿದ್ದಾನೆ. ಮಗು ಹುಟ್ಟಿದ ಮೇಲೆ ಅವನು ಅದನ್ನು ಕಂಡದ್ದು ಫೋನಿನಲ್ಲಿ ಮಾತ್ರ. ಮಗುವಿಗೆ ಏಳು ತಿಂಗಳಾದಾಗ ಅವನು ವೀಸಾ ಸಿದ್ಧಪಡಿಸಿ, ಟಿಕೆಟ್ ತೆಗೆಯಲು ದಿನ ಕೇಳಿದ. ಒಂದು ವರ್ಷದೊಳಗಿನ ಮಗುವಿಗೆ ಉಗಾಂಡದವರು ಕಾರ್ಡ್ ಕೇಳುವುದಿಲ್ಲ ಎಂದು ಏಜೆಂಟ್ ಹೇಳಿದ್ದು ನಿಜವೇ ಆಗಿತ್ತು. "ಮಗುವನ್ನು ತಡೆಯುವುದಿಲ್ಲವಂತೆ ಟೀಚರ್, ಹೋಗಬಹುದಲ್ಲ?" ಎಂದು ಅವಳು ಕೇಳಿದಳು. "ತಡೆಯುವುದಿಲ್ಲ ಮಗಳೇ, ಆದರೆ ಕಾಪಾಡುವುದೂ ಇಲ್ಲವಲ್ಲ. ಒಮ್ಮೆ ಮಕ್ಕಳ ಡಾಕ್ಟರನ್ನು ಕೇಳು" ಎಂದೆ. ಮಗುವಿಗೆ ಒಂಬತ್ತು ತಿಂಗಳು ತುಂಬಲಿ, ತಾಯಿ ಮಗು ಇಬ್ಬರೂ ಚುಚ್ಚಿಸಿಕೊಂಡೇ ಹೊರಡಲಿ ಎಂದು ಡಾಕ್ಟರ್ ಹೇಳಿದರು. ಗಂಡನಿಗೆ ಬೇಸರವಾಯಿತು. ಅತ್ತೆ ಸೊಸೆಯ ಪಕ್ಷ ವಹಿಸಿದ್ದರಿಂದ ಮಾತು ಮುಗಿಯಿತು. ತಂದೆ ಮಗು ಒಬ್ಬರನ್ನೊಬ್ಬರು ಕಾಣುವುದು ಎರಡೂವರೆ ತಿಂಗಳು ತಡವಾಯಿತು. ಆ ಕಾಯುವಿಕೆ ಸಣ್ಣದಲ್ಲ. ಆದರೂ ಅದು ಸರಿಯಾದ ನಿರ್ಧಾರ.

ಒಂಬತ್ತು ತಿಂಗಳಲ್ಲಿ ನಮ್ಮ ಮಕ್ಕಳಿಗೆ ದಡಾರ ರುಬೆಲ್ಲಾ ಲಸಿಕೆಯೂ ಬರುತ್ತದೆ. ಅದೂ ಜೀವಂತ ಲಸಿಕೆ. ಇಂತಹ ಎರಡನ್ನು ಒಂದೇ ದಿನ ಕೊಡಬೇಕು, ಇಲ್ಲವಾದರೆ ನಡುವೆ ನಾಲ್ಕು ವಾರಗಳ ಅಂತರವಿರಬೇಕು. ಇದನ್ನು ತಿಳಿಯದೆ ಅಂಗನವಾಡಿಯಲ್ಲಿ ಒಂದನ್ನು ಹಾಕಿಸಿ, ವಾರದ ನಂತರ ಇನ್ನೊಂದಕ್ಕೆ ಹೋದರೆ ವಾಪಸು ಬರಬೇಕಾಗುತ್ತದೆ.

ಕಾರ್ಡಿನಲ್ಲಿಲ್ಲದ ಲಸಿಕೆಗಳು

ಗಡಿಯಲ್ಲಿ ಕೇಳುವುದು ಒಂದೇ ಕಾರ್ಡ್ ಆದರೂ ಬೇಕಾದ ಲಸಿಕೆ ಒಂದೇ ಅಲ್ಲ. ಟೈಫಾಯ್ಡ್ ಲಸಿಕೆಯನ್ನು ಎರಡು ವಾರ ಮೊದಲಾದರೂ ಪಡೆಯಬೇಕು. ಆರು ತಿಂಗಳ ಮಗುವಿಗೂ ಕೊಡಬಹುದಾದ ಟೈಫಾಯ್ಡ್ ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ. ನೀರಿನಿಂದ ಬರುವ ಕಾಮಾಲೆ, ಅಂದರೆ ಹೆಪಟೈಟಿಸ್ ಎ, ನಮ್ಮ ಹಿರಿಯರಲ್ಲಿ ಅನೇಕರಿಗೆ ಬಾಲ್ಯದಲ್ಲೇ ಬಂದು ಹೋಗಿರುತ್ತದೆ. ಕುದಿಸಿದ ನೀರನ್ನೇ ಕುಡಿದು ಬೆಳೆದ ಇಂದಿನ ಮಕ್ಕಳಿಗೆ ಆ ರಕ್ಷಣೆ ಇರದಿರಬಹುದು. ಒಂದು ವರ್ಷ ತುಂಬಿದವರಿಗೆ ಇದರ ಲಸಿಕೆ ಇದೆ.

ಹೆಪಟೈಟಿಸ್ ಬಿ ಲಸಿಕೆ ದೇಶದಾದ್ಯಂತ ಸರಕಾರಿ ಕಾರ್ಯಕ್ರಮಕ್ಕೆ ಸೇರಿದ್ದು 2011ರ ಹೊತ್ತಿಗೆ. ಅಂದರೆ ಮಗುವಿಗೆ ಸಿಕ್ಕಿರುತ್ತದೆ, ತಾಯಿಗೆ ಸಿಕ್ಕಿರಲಿಕ್ಕಿಲ್ಲ. ಅಲ್ಲಿ ಹೆರಿಗೆಯಾಗುವ ಸಾಧ್ಯತೆ ಇರುವವರು ಇದನ್ನು ಮರೆಯಬಾರದು. ಮೂರು ಚುಚ್ಚುಮದ್ದುಗಳು, ಎರಡನೆಯದು ತಿಂಗಳ ನಂತರ, ಮೂರನೆಯದು ಆರನೇ ತಿಂಗಳಲ್ಲಿ. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷ ಹಳೆಯದಾಗಿದ್ದರೆ ಇನ್ನೊಂದು ಬೇಕು. ನಾಯಿಗಳೊಂದಿಗೆ ಆಡುವ ವಯಸ್ಸಿನ ಮಕ್ಕಳಿದ್ದರೆ ರೇಬಿಸ್ ಲಸಿಕೆಯನ್ನು ಮೊದಲೇ ಕೊಡಿಸುವ ಬಗ್ಗೆಯೂ ಕೇಳಿ. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮಲೇರಿಯಾ: ನಮಗೆ ಗೊತ್ತಿರುವುದಲ್ಲ

ಮಂಗಳೂರಿನ ಕಡೆಯವರಿಗೆ ಮಲೇರಿಯಾ ಹೊಸತಲ್ಲ. "ನಮಗೆ ಬಂದು ಹೋಗಿದೆ, ಮಾತ್ರೆ ತಿಂದರೆ ವಾಸಿ" ಎನ್ನುತ್ತಾರೆ. ಆದರೆ ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಜಾತಿ, ಉಗಾಂಡದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ. ಇದು ಕೆಲವೇ ದಿನಗಳಲ್ಲಿ ಮಿದುಳಿಗೇರಿ ಪ್ರಾಣ ತೆಗೆಯಬಲ್ಲದು. ಚಿಕ್ಕಂದಿನ ಮಂಗಳೂರು ಜ್ವರ ಅಲ್ಲಿ ಕಾಪಾಡುವುದಿಲ್ಲ. ಕಂಪಾಲಾ ಎತ್ತರದ ಊರು, ಹವೆ ಬೆಂಗಳೂರಿನಂತೆ ಹಿತವಾಗಿರುತ್ತದೆ. ಹಾಗೆಂದು ಸೊಳ್ಳೆ ಇಲ್ಲವೆಂದು ಭಾವಿಸಬಾರದು.

ಆಫ್ರಿಕಾದ ಮಕ್ಕಳಿಗಾಗಿ ಮಲೇರಿಯಾ ಲಸಿಕೆಗಳು ಬಂದಿವೆ. ಅವುಗಳಲ್ಲಿ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ಪುಣೆಯಲ್ಲೇ ತಯಾರಾಗುತ್ತದೆ. ಆದರೆ ಅದು ಪ್ರಯಾಣಿಕರಿಗಾಗಿ ಅಲ್ಲ. ಪ್ರಯಾಣಿಕರಿಗೆ ಇರುವುದು ಮಾತ್ರೆ ಮತ್ತು ಸೊಳ್ಳೆ ಪರದೆ. ಕ್ಲೋರೋಕ್ವಿನ್ ಅಲ್ಲಿ ಸಾಲದು. ಮೆಫ್ಲೋಕ್ವಿನ್ ಮಾತ್ರೆಯನ್ನು ಎರಡು ಮೂರು ವಾರ ಮೊದಲೇ ಶುರುಮಾಡಬೇಕು. ಡಾಕ್ಸಿಸೈಕ್ಲಿನ್ ಒಂದೆರಡು ದಿನ ಮೊದಲು ಶುರುಮಾಡಿದರೆ ಸಾಕು, ಆದರೆ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಕೂಡದು. ಯಾವುದು ಯಾರಿಗೆ, ಎಷ್ಟು ಕಾಲ ಎಂದು ವೈದ್ಯರೇ ಹೇಳಬೇಕು. ಮಲೇರಿಯಾ ಬಂದರೆ ಗರ್ಭಪಾತವಾಗುವ, ತಾಯಿಗೆ ತೀವ್ರ ರಕ್ತಹೀನತೆಯಾಗುವ ಅಪಾಯ ಇರುವುದರಿಂದ, ಸಾಧ್ಯವಿದ್ದರೆ ಗರ್ಭಿಣಿಯರು ಪ್ರಯಾಣವನ್ನು ಮುಂದೂಡುವುದೇ ಲೇಸು. ಹಿಂದಿರುಗಿ ಬಂದ ಕೆಲವು ತಿಂಗಳೊಳಗೆ ಜ್ವರ ಬಂದರೆ "ನಾವು ಆಫ್ರಿಕಾದಿಂದ ಬಂದಿದ್ದೇವೆ" ಎಂಬುದನ್ನು ಡಾಕ್ಟರಿಗೆ ಮೊದಲ ಮಾತಾಗಿ ಹೇಳಿ.

ಹಿಂದಿನಿಂದ ಲೆಕ್ಕ ಹಾಕಿ

ಹೊರಡಬೇಕೆಂದಿರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಎಂಟು ವಾರ ಮೊದಲು: ಮಕ್ಕಳ ತಾಯಿ ಕಾರ್ಡ್, ಹಳೆಯ ಚೀಟಿಗಳನ್ನು ತೆಗೆದುಕೊಂಡು ವೈದ್ಯರನ್ನು ಕಾಣಿ. ಮುಟ್ಟು ನಿಂತಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಹಳದಿ ಜ್ವರದ ಕೇಂದ್ರದಲ್ಲಿ ಹೆಸರು ಬರೆಸಿ. ಹೆಪಟೈಟಿಸ್ ಬಿ ಆರಂಭಿಸಿ.

ಆರು ವಾರ ಮೊದಲು: ಹೆಪಟೈಟಿಸ್ ಎ, ಟೈಫಾಯ್ಡ್, ಧನುರ್ವಾಯು.

ನಾಲ್ಕು ವಾರ ಮೊದಲು: ಹಳದಿ ಜ್ವರದ ಲಸಿಕೆ. ಕೇಂದ್ರದಲ್ಲಿ ದಾಸ್ತಾನು ಇಲ್ಲದಿದ್ದರೂ ಕಾಯಲು ಸಮಯವಿರುತ್ತದೆ.

ಎರಡು ಮೂರು ವಾರ ಮೊದಲು: ಮಲೇರಿಯಾ ಮಾತ್ರೆಯ ತೀರ್ಮಾನ, ಔಷಧಿ ಸವರಿದ ಸೊಳ್ಳೆ ಪರದೆಯ ಖರೀದಿ.

ರಮಝಾನಿನಲ್ಲಿ ದಿನ ಬಂದರೆ ಹಿಂಜರಿಯುವವರಿದ್ದಾರೆ. ತೋಳಿಗೆ ಕೊಡುವ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂದು ಉಲಮಾಗಳಲ್ಲಿ ಬಹಳಷ್ಟು ಮಂದಿ ಹೇಳಿದ್ದಾರೆ. ಆದ್ದರಿಂದ ಇದಕ್ಕಾಗಿ ಸರದಿಯನ್ನು ತಪ್ಪಿಸಬೇಡಿ.

ಇಷ್ಟಕ್ಕೆಲ್ಲ ಖರ್ಚಿದೆ, ನಿಜ. ಆದರೆ ಪರದೇಶದ ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿಕೊಂಡು ಊರಿನಿಂದ ಹಣ ತರಿಸಿಕೊಳ್ಳುವ ಸಂಕಟದ ಮುಂದೆ ಅದು ದೊಡ್ಡದಲ್ಲ. ಅಲ್ಲಾಹನ ಮೇಲಿನ ಭರವಸೆ ನಮ್ಮ ಕೈಲಾದ ಎಚ್ಚರಿಕೆಯನ್ನು ಬಿಟ್ಟುಬಿಡಲು ಹೇಳುವುದಿಲ್ಲ. ಮುಂದಿನ ಸಲ ಫೋನಿನಲ್ಲಿ "ಟಿಕೆಟ್ ಯಾವಾಗ ತೆಗೆಯಲಿ?" ಎಂದು ಯಜಮಾನರು ಕೇಳಿದರೆ, ಸಹೋದರಿಯರೇ, ಮಗುವಿನ ಲಸಿಕೆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಉತ್ತರಿಸಿ.