ದುಬಾರಿ ವೈರಿನಿಂದ ಹಾಡು ಇಂಪಾದೀತೆ?

ಸ್ಪೀಕರಿಗೆ ಎಳೆಯುವ ಐದು ಮೀಟರ್ ವೈರಿಗೆ ಅಂಗಡಿಯವರು ಹದಿನೆಂಟು ಸಾವಿರ ಹೇಳುತ್ತಿದ್ದಾರೆ, ಕೊಡಬಹುದೇ ಎಂದು ಚಿಂತಾಮಣಿಯ ಓದುಗರೊಬ್ಬರು ಕೇಳಿದ್ದಾರೆ. ಕೇಬಲ್ಲಿನ ಉದ್ದಕ್ಕೆ ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಜಾಗವೊಂದು ಅವರ ಜಿಲ್ಲೆಯಲ್ಲೇ ಇದೆ: ಗೌರಿಬಿದನೂರಿನ ರೇಡಿಯೋ ದೂರದರ್ಶಕ.

ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಇದು 1976ರಲ್ಲಿ ಕೆಲಸ ಶುರುಮಾಡಿತು. ‘ಟಿ’ ಆಕಾರದಲ್ಲಿ ಹರಡಿದ ಸಾವಿರ ಆಂಟೆನಾಗಳು. ಪೂರ್ವ-ಪಶ್ಚಿಮದ ತೋಳೊಂದೇ 1.4 ಕಿಲೋಮೀಟರ್. ಆಕಾಶದಿಂದ ಹಿಡಿಯುತ್ತಿದ್ದದ್ದು 34.5 ಮೆಗಾಹರ್ಟ್ಸ್ ಅಲೆಗಳನ್ನು. ಆಂಟೆನಾಗಳು ಹಿಡಿದದ್ದನ್ನು ಕೇಬಲ್ಲುಗಳು ಒಂದೆಡೆ ತಂದು ಕೂಡಿಸುತ್ತಿದ್ದವು. ಕೇಬಲ್ಲಿನೊಳಗೆ ಅಂಥ ಅಲೆಯ ಉದ್ದ ಆರು ಮೀಟರ್ ಆಸುಪಾಸು. ಒಂದು ಕೇಬಲ್ ಇನ್ನೊಂದಕ್ಕಿಂತ ಮೂರು ಮೀಟರ್ ಹೆಚ್ಚಾಯಿತೆನ್ನಿ, ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಸಿಹೋಗುತ್ತವೆ. ಕೋಲಾಟದಲ್ಲಿ ಒಬ್ಬ ಅರ್ಧ ತಾಳ ತಡವಾದರೆ ಕೋಲಿಗೆ ಕೋಲು ಸಿಗದಂತೆ.

ನಮ್ಮ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್. ವೈರಿನಲ್ಲಿ ಆ ಅಲೆಯ ಉದ್ದ ಸುಮಾರು 10 ಕಿಲೋಮೀಟರ್! ಐದು ಮೀಟರ್ ಎಂದರೆ ಅದರ ಎರಡು ಸಾವಿರದಲ್ಲೊಂದು ಪಾಲು. ತಾಳ ತಪ್ಪಲು ಜಾಗವೇ ಇಲ್ಲ.

ಉಳಿದದ್ದು ರೋಧ. 1.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ವೈರು ಐದು ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 0.12 ಓಮ್, ಸ್ಪೀಕರಿನದು 8 ಓಮ್. ಸದ್ದಿನಲ್ಲಿ ಆಗುವ ನಷ್ಟ ಡೆಸಿಬೆಲ್ಲಿನ ಎಂಟನೇ ಒಂದು ಪಾಲು. ದುಬಾರಿ ವೈರು ಬೆಳ್ಳಿಯದಾದರೆ ಅದರ ರೋಧ ತಾಮ್ರಕ್ಕಿಂತ ಶೇ 6ರಷ್ಟು ಕಡಿಮೆ, ಒಪ್ಪೋಣ. ತಾಮ್ರವನ್ನೇ ಕೊಂಚ ದಪ್ಪಗೆ ಕೊಂಡರೆ ಅದೂ ತೀರಿತು. ಜಾತ್ರೆಯ ಪೆಂಡಾಲಿನಲ್ಲಿ ಐವತ್ತು ಮೀಟರ್ ಎಳೆಯುವವರು ಮಾತ್ರ ಸಪೂರ ವೈರು ಹಾಕಿದರೆ ಸದ್ದು ಸೊರಗುತ್ತದೆ.

‘ಆದರೂ ನನಗೆ ವ್ಯತ್ಯಾಸ ಕೇಳಿಸುತ್ತಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಅಂಥ ಮಾತಿಗೆ ಪರೀಕ್ಷೆಯೇ ಮದ್ದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ ಆದ ಭೌತವಿಜ್ಞಾನಿ ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಅದೇ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದರು. 2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರಾಂಡಿ ಕೇಬಲ್ಲುಗಳಿಗೂ ಇದೇ ಮದ್ದು ಅರೆದರು: 7,250 ಡಾಲರಿನ ಕೇಬಲ್ ಜೋಡಿಯನ್ನು ಎಷ್ಟೋ ಅಗ್ಗದ ಇನ್ನೊಂದರಿಂದ ಬರೀ ಕಿವಿಯಿಂದ ಗುರುತಿಸಿದವರಿಗೆ 10 ಲಕ್ಷ ಡಾಲರ್. ಹಣ ಯಾರ ಪಾಲಿಗೂ ಹೋಗಲಿಲ್ಲ.

ಚಿಂತಾಮಣಿಯವರೂ ಈ ಪರೀಕ್ಷೆ ಮಾಡಿ ನೋಡಲಿ. ಗೆಳೆಯರೊಬ್ಬರು ಮರೆಯಲ್ಲಿ ನಾಣ್ಯ ಚಿಮ್ಮಿ ವೈರು ಬದಲಿಸಲಿ, ವಾಲ್ಯೂಮ್ ಮುಟ್ಟಬಾರದು. ಇಪ್ಪತ್ತರಲ್ಲಿ ಹದಿನೈದು ಸಲ ಸರಿಯಾಗಿ ಹೇಳಿದರೆ ಧಾರಾಳವಾಗಿ ಕೊಳ್ಳಲಿ. ಇಲ್ಲವಾದರೆ ಆ ಹದಿನೆಂಟು ಸಾವಿರವನ್ನು ಒಳ್ಳೆಯ ಸ್ಪೀಕರಿಗೆ ಹಾಕಲಿ. ಅಲ್ಲಿನ ವ್ಯತ್ಯಾಸ ಪಕ್ಕದ ಮನೆಯವರಿಗೂ ಕೇಳಿಸುತ್ತದೆ.