ಮಾನಿಟರ್ ಇಲ್ಲದೆ ರಾಸ್ಪ್‌ಬೆರಿ ಪೈಗೆ ಓಎಸ್ ಹಾಕೋದು ಹೇಗೆ?

ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಬಗ್ಗೆ ಕೇಳಿರ್ತೀರಿ. ಮಾನಿಟರ್, ಕೀಬೋರ್ಡ್ ಯಾವುದೂ ಇಲ್ಲದೆ ಇದಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕಬಹುದು. ಆದರೆ ಹಳೇ ವಿಡಿಯೋ ನೋಡಿಕೊಂಡು ಮಾಡೋಕೆ ಹೊರಟವರು ಅರ್ಧದಲ್ಲೇ ಸಿಕ್ಕಿಹಾಕ್ಕೊಳ್ತಾರೆ. ಯಾಕೆ?

ಪೈ ಓಎಸ್ ಸಾಮಾನ್ಯವಾಗಿ ಇರೋದು ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ. ಪರದೆ ಇದ್ದರೆ ಮೊದಲ ಸಲ ಆನ್ ಆದಾಗ ಯೂಸರ್‌ನೇಮ್, ಪಾಸ್‌ವರ್ಡ್, ವೈಫೈ ಎಲ್ಲ ಕೇಳುತ್ತೆ. ಪರದೆ ಇಲ್ಲ ಅಂದ್ರೆ ಆ ಉತ್ತರಗಳನ್ನ ಮೊದಲೇ ಕಾರ್ಡಿನಲ್ಲಿ ಬರೆದಿಡಬೇಕು.

ಹಿಂದೆ ಈ ತಲೆನೋವು ಇರಲಿಲ್ಲ. ಪ್ರಪಂಚದ ಎಲ್ಲ ಪೈಗಳಿಗೂ ಯೂಸರ್ 'ಪೈ', ಪಾಸ್‌ವರ್ಡ್ 'ರಾಸ್ಪ್‌ಬೆರಿ'. ಊರಿಗೆಲ್ಲ ಒಂದೇ ಬೀಗದ ಕೈ! 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಅಲ್ಲಾಡಿಸಿತ್ತು. ಅದೇ ವರ್ಷ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸೌಲಭ್ಯವನ್ನ ಪೈನಲ್ಲಿ ಆಫ್ ಮಾಡಿಯೇ ಕೊಡೋಕೆ ಶುರು ಮಾಡಿದರು. 2022ರ ಏಪ್ರಿಲ್‌ನಲ್ಲಿ 'ಪೈ' ಅನ್ನೋ ಆ ಯೂಸರ್‌ನನ್ನೂ ತೆಗೆದುಹಾಕಿದರು. ಹಾಗಾಗಿ ಹಳೇ ವಿಡಿಯೋಗಳಲ್ಲಿ ಹೇಳೋ ಹಾಗೆ ಎಸ್‌ಎಸ್‌ಎಚ್ ಹೆಸರಿನ ಖಾಲಿ ಫೈಲ್ ಹಾಕಿದರೆ ಬಾಗಿಲು ತೆರೆಯುತ್ತೆ, ಒಳಗೆ ಹೋಗೋಕೆ ಯೂಸರ್ರೇ ಇರಲ್ಲ. ಕಿರಿಕಿರಿ ಅನ್ನಿಸಿದರೂ ಮನೆ ನೆಟ್‌ವರ್ಕಿನ ದೃಷ್ಟಿಯಿಂದ ಒಳ್ಳೇದೇ ಆಯ್ತು ಅಂತೀನಿ.

ಈಗ ಲ್ಯಾಪ್‌ಟಾಪ್‌ನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಹಾಕ್ಕೊಳ್ಳಿ. ಬೋರ್ಡ್, ಓಎಸ್, ಕಾರ್ಡ್ ಆರಿಸಿ. ಡೆಸ್ಕ್‌ಟಾಪ್ ಬೇಡವಾದರೆ 'ಲೈಟ್' ಆವೃತ್ತಿ ಸಾಕು. ಕಾರ್ಡಿನಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ, ಡ್ರೈವ್ ಸರಿಯಾಗಿ ನೋಡಿ ಆರಿಸಿ. ಬರೆಯೋ ಮೊದಲು ಸೆಟ್ಟಿಂಗ್ಸ್‌ನಲ್ಲಿ ಹೋಸ್ಟ್‌ನೇಮ್, ಯೂಸರ್, ಗಟ್ಟಿ ಪಾಸ್‌ವರ್ಡ್, ವೈಫೈ ವಿವರ ಕೊಟ್ಟು ಎಸ್‌ಎಸ್‌ಎಚ್ ಆನ್ ಮಾಡಿ. ಹೆಚ್ಚಿನವರು ಎಡವೋದು ವೈಫೈನಲ್ಲೇ. ಒಂದಕ್ಷರ ತಪ್ಪಿದರೂ ಪೈ ಸುಮ್ಮನೆ ಕೂತುಬಿಡುತ್ತೆ, ತಪ್ಪೇನು ಅಂತ ತೋರಿಸೋಕೆ ಪರದೆ ಇಲ್ವಲ್ಲ! ಪೈ ಝೀರೋ 2 ಡಬ್ಲ್ಯೂ ಆದರೆ 2.4 ಗಿಗಾಹರ್ಟ್ಸ್ ವೈಫೈ ಹೆಸರನ್ನೇ ಕೊಡಿ, 5 ಗಿಗಾಹರ್ಟ್ಸ್ ಅದಕ್ಕೆ ಕಾಣಿಸಲ್ಲ.

ಕಾರ್ಡ್ ಪೈಗೆ ಹಾಕಿ ಕರೆಂಟ್ ಕೊಟ್ಟು ಕೆಲವು ನಿಮಿಷ ಕಾಯಿರಿ. ಅದೇ ವೈಫೈನಲ್ಲಿರೋ ಲ್ಯಾಪ್‌ಟಾಪ್‌ನ ಟರ್ಮಿನಲ್ ತೆಗೆದು, ಸಣ್ಣಕ್ಷರದಲ್ಲಿ ಎಸ್‌ಎಸ್‌ಎಚ್, ಸ್ಪೇಸ್, ಯೂಸರ್ ಹೆಸರು, ಅಟ್ ಚಿಹ್ನೆ, ಹೋಸ್ಟ್‌ನೇಮ್, ಚುಕ್ಕಿ, ಲೋಕಲ್ ಅಂತ ಟೈಪ್ ಮಾಡಿ. ಸಿಗಲಿಲ್ಲ ಅಂದ್ರೆ ರೂಟರ್ ಪುಟದಲ್ಲಿ ಪೈನ ಐಪಿ ಹುಡುಕಿ, ಅಟ್ ಚಿಹ್ನೆಯ ಮುಂದೆ ಅದನ್ನೇ ಹಾಕಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಏನೂ ಮೂಡಲ್ಲ, ಗಾಬರಿಯಾಗದೆ ಎಂಟರ್ ಒತ್ತಿ.

ಆಫ್ ಮಾಡುವಾಗ ಪ್ಲಗ್ ಕೀಳಬೇಡಿ, ಕಾರ್ಡಿನಲ್ಲಿರೋ ಡೇಟಾ ಕೆಡಬಹುದು. ಅದೇ ಟರ್ಮಿನಲ್‌ನಿಂದ ಶಟ್‌ಡೌನ್ ಕಮಾಂಡ್ ಕೊಡಿ.