ಆನ್‌ಲೈನ್ ಅಂಗಡಿ: ಸಂತೆಯೋ, ಬಾಡಿಗೆಯೋ, ಸ್ವಂತವೋ?

ಸಾಂಬಾರ್ ಪುಡಿಯನ್ನೋ ಕಸೂತಿ ಸೀರೆಯನ್ನೋ ಆನ್‌ಲೈನಿನಲ್ಲಿ ಮಾರಹೊರಟ ನಮ್ಮ ಸದಸ್ಯರು ಮೊದಲು ಕೇಳುವುದು ಖರ್ಚೆಷ್ಟು ಎಂದು. ವೈದ್ಯನಾಗಿದ್ದ ನನಗೆ ಇನ್ನೊಂದು ಪ್ರಶ್ನೆ ಮುಖ್ಯ: ವೈದ್ಯರನ್ನು ಬದಲಿಸುವ ರೋಗಿ ತನ್ನ ದಾಖಲೆಗಳನ್ನು ಒಯ್ಯುತ್ತಾನೆ, ವೇದಿಕೆ ಬದಲಿಸುವಾಗ ನೀವು ಏನನ್ನು ಒಯ್ಯಬಲ್ಲಿರಿ?

ಎಟ್ಸಿ ಸಂತೆಯಿದ್ದಂತೆ. ಪ್ರತಿ ವಸ್ತುವನ್ನು ಪಟ್ಟಿಗೆ ಸೇರಿಸಲು 20 ಸೆಂಟ್, ಮಾರಾಟವಾದರೆ ಶೇ. 6.5 ಶುಲ್ಕ. ಜನ ತಾವಾಗಿ ಬರುತ್ತಾರೆ. ಆದರೆ ಅವರ ಒಪ್ಪಿಗೆಯಿಲ್ಲದೆ ನೀವು ಜಾಹೀರಾತು ಕಳಿಸುವಂತಿಲ್ಲ.

ಶಾಪಿಫೈ ಬಾಡಿಗೆ ಮಳಿಗೆ. ತಿಂಗಳ ಬಾಡಿಗೆಯುಂಟು, ಸರಕಿನ ಮತ್ತು ಗಿರಾಕಿಗಳ ಪಟ್ಟಿಯನ್ನು ಇಳಿಸಿಕೊಳ್ಳಬಹುದು.

ವೂಕಾಮರ್ಸ್ ಸ್ವಂತ ಮನೆ. ತಂತ್ರಾಂಶ ಉಚಿತ, ಹೋಸ್ಟಿಂಗ್, ಬ್ಯಾಕಪ್, ಭದ್ರತೆ ನಿಮ್ಮ ಹೊಣೆ.

ಬೇಡಿಕೆ ಅರಿಯಲು ಸಂತೆ ಸಾಕು. ಗಿರಾಕಿಗಳು ಮರಳಿ ಬರತೊಡಗಿದರೆ ಮಳಿಗೆ ಹಿಡಿಯಿರಿ. ಡೊಮೈನ್ ನಿಮ್ಮ ಹೆಸರಿನಲ್ಲೇ ಇರಲಿ, ತಿಂಗಳಿಗೊಮ್ಮೆ ಪಟ್ಟಿ ಇಳಿಸಿಕೊಳ್ಳಿ. ಖಾತೆ ಮುಚ್ಚಿದರೂ ವ್ಯಾಪಾರ ಉಳಿದೀತು.